ಬೂದಿಗುಡ್ಡದ ಕೆಳಗಿನ ನೀರು

ಕಳೆದ ತಿಂಗಳು ಜಮಖಂಡಿ ಹತ್ತಿರದ ನಾದಿನಿಯ ದ್ರಾಕ್ಷಿ ತೋಟಕ್ಕೆ ಹೋಗಿದ್ದೆ. ಆಳುಗಳು ಔಷಧ ಹೊಡೆಯುವ ತಯಾರಿಯಲ್ಲಿದ್ದರು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸಿ, ಅದಕ್ಕೆ ಸುಣ್ಣದ ನೀರು ಸುರಿಯುತ್ತ ಕೋಲಿನಿಂದ ತಿರುವುತ್ತಿದ್ದರು. ನೀರು ನವಿಲಿನ ಕೊರಳಿನ ಬಣ್ಣಕ್ಕೆ ತಿರುಗಿ, ನಾಲಿಗೆಗೇ ಹತ್ತುವಂಥ ಲೋಹದ ವಾಸನೆ ಎದ್ದಿತು. ನಾದಿನಿಯ ಮೊಮ್ಮಗಳು ಡ್ರಮ್ಮಿನ ಅಂಚು ಹಿಡಿದು ಬಗ್ಗಿ ನೋಡುತ್ತಿದ್ದಳು. ನಾನು ಓಡಿಹೋಗಿ ಅವಳ ರಟ್ಟೆ ಹಿಡಿದು ಎಳೆದೆ. ಎಳೆದ ರಭಸಕ್ಕೆ ಮಗು ಅಳತೊಡಗಿತು.

“ಯಾಕ ವೈನಿ, ಹಿಂಗ್ಯಾಕ ಅಂಜತೀರಿ? ಅದು ನಾವು ದಿನಾ ಹೊಡಿಯೂ ಔಷಧ,” ಎಂದು ನಾದಿನಿ ನಕ್ಕಳು.

ನಾನೂ ನಗಲು ನೋಡಿದೆ, ಆದರೆ ಮಗುವಿನ ಬೆರಳುಗಳನ್ನು ಸೆರಗಿನಿಂದ ಒರೆಸುತ್ತಲೇ ಇದ್ದೆ. ಆ ಬಣ್ಣ, ಆ ವಾಸನೆ ನನ್ನನ್ನು ಒಂದೇ ಏಟಿಗೆ ಬೀಳಗಿ ತಾಲೂಕಿನ ಮರಡಿಹಾಳಕ್ಕೆ, ನಾನು ಜೀವಮಾನದಲ್ಲೇ ಅತಿ ಹೆಚ್ಚು ಹೆದರಿದ ಒಂದು ಮಳೆಗಾಲಕ್ಕೆ ಕೊಂಡೊಯ್ದಿದ್ದವು.

ಆಲಮಟ್ಟಿಯ ಹಿನ್ನೀರು ನಮ್ಮ ಜಿಲ್ಲೆಯ ಹೊಲ ಮನೆಗಳೊಳಗೆ ಏರಿ ಬರುತ್ತಿದ್ದ ವರ್ಷಗಳವು. ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಜಮಖಂಡಿಯ ಮಣ್ಣು ಮತ್ತು ನೀರು ಪರೀಕ್ಷೆಯ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಗಂಡ ಈರಣ್ಣನದು ಬನಹಟ್ಟಿಯಲ್ಲಿ ಸೀರೆ ನೇಯುವ ಮಗ್ಗಗಳ ಮನೆತನ. ಮದುವೆಯಾಗಿ ಎರಡನೆಯ ವರ್ಷ. ಹಿಂದಿನ ಬೇಸಿಗೆಯಲ್ಲಿ ಒಂದು ಬಸಿರು ನಿಲ್ಲದೆ ಹೋಗಿತ್ತು. ಮನೆಯಲ್ಲಿ ಅದರ ಮಾತು ಯಾರೂ ಎತ್ತುತ್ತಿರಲಿಲ್ಲ, ಎತ್ತದೆ ಇರುವುದೇ ದೊಡ್ಡದಾಗಿ ಕೇಳುತ್ತಿತ್ತು.

ಮರಡಿಹಾಳದ ಹಳೆಯ ಊರು ಘಟಪ್ರಭೆಯ ದಂಡೆಯಲ್ಲಿತ್ತು. ಮುಳುಗಡೆ ಆಗುತ್ತದೆಂದು ಜನರನ್ನು ಮೇಲಿನ ದಿಬ್ಬಕ್ಕೆ ತಂದು, ಸಾಲು ಮನೆ ಕಟ್ಟಿಸಿ, ಹೊಸ ಪ್ಲಾಟು ಎಂದು ಹೆಸರಿಟ್ಟಿದ್ದರು. ಆ ದಿಬ್ಬದ ಬೆನ್ನಿಗೇ ಜನ ಬೂದಿಗುಡ್ಡ ಎಂದು ಕರೆಯುವ ಒಂದು ರಾಶಿ. ಅದು ಬೂದಿಯೂ ಅಲ್ಲ, ಗುಡ್ಡವೂ ಅಲ್ಲ. ನಾವು ಹುಟ್ಟುವುದಕ್ಕೂ ಮೊದಲು ಯಾರೋ ಅಲ್ಲಿ ತಾಮ್ರ ಸಿಗುತ್ತದೆಂದು ಗಣಿ ತೋಡಿದ್ದರಂತೆ. ಕಲ್ಲನ್ನು ಹಿಟ್ಟಿನ ಹಾಗೆ ಅರೆದು, ತೊಳೆದು, ಬೇಕಾದ್ದು ತೆಗೆದುಕೊಂಡು, ಬೇಡವಾದ ಪುಡಿಯನ್ನು ಅಲ್ಲೇ ಸುರಿದು ಹೋಗಿದ್ದರು. ಹಳದಿ ಬೆರೆತ ಬೂದು ಬಣ್ಣ. ಸುತ್ತ ಜಾಲಿ ಬೆಳೆದಿತ್ತು. ಅದರ ಮೈಮೇಲೆ ಮಾತ್ರ ಒಂದು ಹುಲ್ಲೆಸಳೂ ಇರಲಿಲ್ಲ.

ನಮ್ಮ ಕೆಲಸ ಆ ಪುಡಿಯ ಪರೀಕ್ಷೆ. ಅದರೊಳಗೆ ಗಂಧಕ ಬೆರೆತ ಕಬ್ಬಿಣದ ಸಣ್ಣ ಹರಳುಗಳಿದ್ದವು, ಬಿಸಿಲಿಗೆ ಹಿತ್ತಾಳೆಯಂತೆ ಹೊಳೆಯುವಂಥವು. ನೆಲದೊಳಗೆ ಇರುವ ತನಕ ಅವು ಯಾರಿಗೂ ಏನೂ ಮಾಡುವುದಿಲ್ಲ. ಅರೆದು ಗಾಳಿಗೆ ಬಿಟ್ಟು ಮೇಲೆ ನೀರು ಬಿದ್ದರೆ ಮಾತ್ರ ನಿಧಾನವಾಗಿ ಗಂಧಕದ ಆಮ್ಲ ಹುಟ್ಟುತ್ತದೆ. ಆ ಆಮ್ಲ ಪುಡಿಯಲ್ಲುಳಿದ ತಾಮ್ರ, ಸೀಸಗಳನ್ನು ಕರಗಿಸಿಕೊಂಡು ಕೆಳಕ್ಕಿಳಿಯುತ್ತದೆ. ಆ ಕೆಳಗೇ ಈಗ ಹೊಸ ಪ್ಲಾಟು, ಅದರ ಕೊನೆಗೆ ಊರಿಗೆಲ್ಲ ಒಂದೇ ಆದ ಕೈಪಂಪು. ಇನ್ನೂ ಕೆಳಗೆ, ರಾಶಿಯ ಒಂದು ಬದಿಯ ಬುಡಕ್ಕೆ ಹತ್ತಿಕೊಂಡು, ಹಿನ್ನೀರು ಎಲ್ಲಿಯವರೆಗೆ ಬರುತ್ತದೆಂದು ತೋರಿಸುವ ಗುರುತಿನ ಕಲ್ಲು.

ಜೂನ್ ಮೊದಲ ವಾರ ನನ್ನನ್ನು ಅಲ್ಲಿಗೆ ಕರೆದೊಯ್ದವರು ನದಾಫ್ ಸರ್. ಮುಧೋಳದವರು, ಕಲ್ಲು ಮಣ್ಣಿನ ಶಾಸ್ತ್ರ ಓದಿದವರು, ನಿವೃತ್ತಿಗೆ ಹತ್ತಿರವಾಗಿದ್ದರು. ಪ್ಲಾಟಿನಲ್ಲಿ ಖಾಲಿ ಇದ್ದ ಒಂದು ಮನೆಯೇ ನಮ್ಮ ಪ್ರಯೋಗಾಲಯ, ನನ್ನ ಬಿಡಾರ ಕೂಡ. ಬೇಸಿಗೆಯಲ್ಲೇ ಸರ್ ಅದರ ಪಡಸಾಲೆಯಲ್ಲಿ ದಪ್ಪ ಪ್ಲಾಸ್ಟಿಕ್ ಪೈಪುಗಳನ್ನು ಸಾಲಾಗಿ ನಿಲ್ಲಿಸಿ, ಗುಡ್ಡದ ಬೇರೆ ಬೇರೆ ಕಡೆಯ ಪುಡಿ ತುಂಬಿಸಿದ್ದರು. ವಾರಕ್ಕೊಮ್ಮೆ ಮೇಲಿಂದ ನೀರು ಹನಿಸಬೇಕು, ಕೆಳಗಿಟ್ಟ ಬಾಟಲಿಗೆ ಇಳಿದ ನೀರನ್ನು ಪರೀಕ್ಷಿಸಬೇಕು. ಗುಡ್ಡಕ್ಕೆ ಮುಂದೆ ಆಗುವುದನ್ನು ಪೈಪು ಮೊದಲೇ ಹೇಳುತ್ತದೆ ಎಂಬ ಲೆಕ್ಕ.

“ಇದರಾಗ ಸುಣ್ಣದ ಕಲ್ಲಿನ ಚೂರೂ ಅದಾವ ಸುಮಂಗಲಾ,” ಎಂದು ಸರ್ ಪುಡಿಯ ಮೇಲೆ ಆಮ್ಲದ ಹನಿ ಬಿಟ್ಟು ತೋರಿಸಿದರು. ಅದು ಸೋಡಾದಂತೆ ಬುರುಬುರು ಎಂದಿತು. “ಹುಟ್ಟಿದ ಆಮ್ಲನೆಲ್ಲ ಈ ಸುಣ್ಣ ನುಂಗಾಕತ್ತೈತಿ. ಸುಣ್ಣ ಇರೂ ತನಕ ಅಂಜಿಕಿ ಇಲ್ಲ.”

“ತೀರಿದ ಮ್ಯಾಲ ಸರ್?”

“ಅದನ್ನ ತಿಳಕೊಳ್ಳಾಕ ನಾವು ಇಲ್ಲಿ ಕುಂತೀವಿ,” ಎಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

ಪಕ್ಕದ ಮನೆಯಲ್ಲಿ ಲಗಮವ್ವ ಇದ್ದಳು. ಕುರುಬರ ಮನೆತನದ ಹಿರಿಯ ಹೆಂಗಸು, ಊರಿಗೆಲ್ಲ ಆಯಿ. ಮಗ ಬೀರಪ್ಪ ಕುರಿ ಕಾಯುತ್ತಿದ್ದ. ಸೊಸೆ ಯಲ್ಲವ್ವನ ತೊಡೆಯ ಮೇಲೆ ಹಾಲು ಕುಡಿಯುವ ಕೂಸು. ನಾನು ಬಂದ ದಿನವೇ ಆಯಿ ಒಂದು ಕೊಡ ನೀರು ತಂದು ಹೊಸ್ತಿಲಲ್ಲಿಟ್ಟು, “ಕುಡಿ ನನ ತಂಗಿ, ಬಿಸಲಾಗ ಬಂದೀ. ಹೊಳಿ ನೀರಿನಷ್ಟು ಸೀ ಇಲ್ಲ, ಖರೆ ತಂಪ ಐತಿ,” ಎಂದಳು. ನಾನು ಗಟಗಟ ಕುಡಿದೆ. ಕುಡಿಯುವ ಮೊದಲು ಪಿ.ಎಚ್. ಕಾಗದ ಅದ್ದಿ ನೋಡಿದ್ದೆ. ಬಣ್ಣ ಹಸಿರು, ಅಂದರೆ ಆಮ್ಲವಿಲ್ಲ. ಆದರೆ ಕರಗಿದ ಲೋಹವನ್ನು ಆ ಕಾಗದ ಹೇಳುವುದಿಲ್ಲ. ಅದಕ್ಕೆ ದೊಡ್ಡ ಯಂತ್ರವೇ ಬೇಕು, ಅದು ಇದ್ದದ್ದು ಧಾರವಾಡದಲ್ಲಿ. ಒಂದು ಬಾಟಲಿ ನೀರು ತುಂಬಿ ಅಲ್ಲಿಗೆ ಕಳಿಸಿದೆವು. ಸರತಿ ಬರಲು ತಡವಾಗುತ್ತದೆ ಎಂದು ಹೇಳಿ ಕಳಿಸಿದರು.

ಜೂನಿನ ಮಧ್ಯದಲ್ಲಿ ಎರಡು ದೊಡ್ಡ ಮಳೆ ಬಂದವು. ಮರುದಿನ ಬೆಳಿಗ್ಗೆ ಗುಡ್ಡದ ಬುಡದಲ್ಲಿ ಸಣ್ಣ ಝರಿ ಹೊರಟಿತ್ತು, ಅರಿಸಿನ ಕುಂಕುಮ ಕದಡಿದಂತೆ ಕೇಸರಿ ಬಣ್ಣ. ಕಾಗದ ಅದ್ದಿದೆ. ಅದು ಕೆಂಪಾಯಿತು. ಇನ್ನೊಂದು ತೆಗೆದು ಅದ್ದಿದೆ. ಅದೂ ಕೆಂಪು. ಗುಡ್ಡದ ಆ ಮಗ್ಗುಲಿನಲ್ಲಿ ಸುಣ್ಣ ತೀರಿಹೋಗಿತ್ತು. ಕೈಪಂಪು ಇದ್ದದ್ದು ಇನ್ನೊಂದು ಮಗ್ಗುಲಿಗೆ, ಅಲ್ಲಿ ಸುಣ್ಣ ಇನ್ನೂ ಇತ್ತು.

ಅದೇ ವಾರ ಸರ್ ಆ ಬದಿಯ ಪುಡಿ ಒಂದಿಷ್ಟು ತಂದು ಬೀಕರಿಗೆ ಹಾಕಿ ಪೆರಾಕ್ಸೈಡ್ ಸುರಿದರು. ಗಾಳಿ ನೀರು ಹತ್ತಾರು ವರ್ಷದಲ್ಲಿ ಮಾಡುವುದನ್ನು ಅದು ಒಂದು ಮಧ್ಯಾಹ್ನದಲ್ಲಿ ಮಾಡಿ ತೋರಿಸುತ್ತದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದೊಂದೇ ಗುಳ್ಳೆ. ಆಮೇಲೆ ಬೀಕರು ತಾನಾಗಿಯೇ ಬಿಸಿಯಾಗಿ, ಒಲೆಯಿಲ್ಲದೆ ಕುದಿಯತೊಡಗಿ, ಹೊಗೆ ಉಗುಳಿತು. ಇಬ್ಬರೂ ಹಿಂದೆ ಸರಿದೆವು. ತಣಿದ ಮೇಲೆ ಅಳೆದರೆ, ಹುಳಿ ಮಾವಿನಕಾಯಿಗಿಂತ ಹುಳಿ. ಸರ್ ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ಅಳೆದರು. ಅವರು ಹೆದರಿದ್ದನ್ನು ಮೊದಲ ಸಲ ನೋಡಿದೆ.

ಆ ಹೊತ್ತಿಗೆ ನನಗೆ ತಿಂಗಳು ತಪ್ಪಿತ್ತು. ಯಾರಿಗೂ ಹೇಳಿರಲಿಲ್ಲ, ಈರಣ್ಣನಿಗೂ. ಹಿಂದಿನ ಸಲ ಹೇಳಿ, ಎಲ್ಲರೂ ಹಿಗ್ಗಿ, ಆಮೇಲೆ ಎಲ್ಲರ ಮುಖ ನೋಡಬೇಕಾಗಿ ಬಂದದ್ದು ಸಾಕಾಗಿತ್ತು. ನಿಂತರೆ ಹೇಳೋಣ ಎಂದುಕೊಂಡಿದ್ದೆ.

ಜುಲೈ ಪೂರ್ತಿ ನಮ್ಮಲ್ಲಿ ಒಂದು ಹನಿ ಬೀಳಲಿಲ್ಲ. ಬಿಸಿಲಿಗೆ ಕೇಸರಿ ಝರಿ ಒಣಗಿತು. ಒಣಗಿದಲ್ಲೆಲ್ಲ ತೆಳ್ಳನೆಯ ಪದರ ಮೂಡಿತು. ಮೊದಲು ಬಿಳಿ, ಆಮೇಲೆ ನೀಲಿ, ಆಮೇಲೆ ನವಿಲಿನ ಬಣ್ಣ. ದೂರದಿಂದ ನೋಡಿದರೆ ಯಾರೋ ಸೀರೆ ಹಾಸಿದಂತಿತ್ತು. ಬೆರಳ ತುದಿಯಷ್ಟು ಕೆರೆದು ನೀರಿನಲ್ಲಿ ಕರಗಿಸಿ ಅಮೋನಿಯಾದ ಹನಿ ಬಿಟ್ಟೆ. ನೀರು ಕಡುನೀಲಿಯಾಯಿತು. ತಾಮ್ರ. ಅಂಗಡಿಯಲ್ಲಿ ಮಾರುವ ಮೈಲುತುತ್ತವೇ ನೆಲದ ಮೇಲೆ ತಾನಾಗಿ ಬೆಳೆದಿತ್ತು.

ನಮ್ಮಲ್ಲಿ ಮಳೆಯಿಲ್ಲದಿದ್ದರೂ ಘಟ್ಟದ ಕಡೆ, ಮಹಾರಾಷ್ಟ್ರದ ಕಡೆ ಎಡೆಬಿಡದೆ ಸುರಿಯುತ್ತಿತ್ತು. ಅಣೆಕಟ್ಟೆಯ ಬಾಗಿಲು ಮುಚ್ಚಿದ್ದರು. ಮೋಡವೇ ಇಲ್ಲದ ಆಕಾಶದ ಕೆಳಗೆ ಹಿನ್ನೀರು ಸದ್ದಿಲ್ಲದೆ ಮೇಲೇರಿತು. ಹಳೆಯ ಊರಿನ ಗೋಡೆಗಳು ಹೋದವು, ಬೇವಿನ ಮರದ ಬೊಡ್ಡೆ ಹೋಯಿತು, ತುದಿ ಮಾತ್ರ ಉಳಿಯಿತು. ಜನ ಸಂಜೆಯ ಹೊತ್ತು ದಂಡೆಗೆ ಹೋಗಿ ಮುಳುಗುವ ಊರನ್ನು ನೋಡುತ್ತ ಕೂರುತ್ತಿದ್ದರು. ನಾನು ನೋಡುತ್ತಿದ್ದದ್ದು ಗುರುತಿನ ಕಲ್ಲನ್ನು. ನೀರು ಅದನ್ನು ಮುಟ್ಟಿದರೆ ಗುಡ್ಡದ ಬುಡ ನೆನೆಯುತ್ತದೆ. ಮುಂದಿನ ಬೇಸಿಗೆಗೆ ನೀರು ಇಳಿಯುವಾಗ ಒಳಗಿನದನ್ನೆಲ್ಲ ಎಳೆದುಕೊಂಡು ಹೋಗುತ್ತದೆ. ನಾನು ದಿನಾ ಹೋಗಿ ನೋಡುತ್ತಿದ್ದೆ, ದಿನಾ ಅದು ಹತ್ತಿರ ಬಂದಿರುತ್ತಿತ್ತು.

ಒಂದು ಬೆಳಿಗ್ಗೆ ಬೀರಪ್ಪ ಓಡುತ್ತ ಬಂದ. “ಅಕ್ಕಾರ, ಸ್ವಲ್ಪ ಬರ್ರಿ. ಕುರಿ ಯಾಕೋ ಹೆಂಗೋ ಮಾಡಾಕತ್ತಾವ.”

ಹಟ್ಟಿಯಲ್ಲಿ ನಾಲ್ಕಾರು ಕುರಿಗಳು ತಲೆ ತಗ್ಗಿಸಿ, ಕಾಲು ಅಗಲಿಸಿ ನಿಂತಿದ್ದವು. ಒಂದು ಮೂತ್ರ ಮಾಡಿತು, ಕಾಸಿದ ಬೆಲ್ಲದ ಪಾಕದ ಬಣ್ಣ. ಆಯಿ ಒಂದು ಕುರಿಯ ಗಲ್ಲ ಹಿಡಿದು ಕಣ್ಣ ರೆಪ್ಪೆ ಬಿಡಿಸಿ ತೋರಿಸಿದಳು. ಒಳಗೆಲ್ಲ ಹಳದಿ.

“ಎಲ್ಲಿ ಮೇಸಿದ್ದೆಪ್ಪಾ?” ಎಂದೆ.

“ಗುಡ್ಡದ ಬುಡಕ ಅಡ್ಡಾಡ್ಯಾವ್ರಿ. ಅಲ್ಲಿ ಉಪ್ಪಿನಂಗ ಏನೋ ಬಂದೈತಲ್ಲ, ಅದನ್ನ ನೆಕ್ಕತಿದ್ದುವು. ನೆಕ್ಕಲಿ ಬಿಡು ಅಂದೆ.”

ಮನುಷ್ಯನಿಗಿಂತ ಕುರಿಗೆ ತಾಮ್ರದ ವಿಷ ಬೇಗ ಏರುತ್ತದೆ ಎಂದು ಓದಿದ್ದೆ. ಓದಿದ್ದು ನನ್ನ ಕಣ್ಣೆದುರೇ ನಿಂತು ಏದುಸಿರು ಬಿಡುತ್ತಿತ್ತು. ಬೀಳಗಿಯಿಂದ ಪಶುವೈದ್ಯರು ಬರುವಷ್ಟರಲ್ಲಿ ಎರಡು ಸತ್ತವು. ಆ ವಾರದಲ್ಲಿ ಉಳಿದವೂ ಹೋದವು. ಗುಡ್ಡದ ಸುತ್ತ ಮುಳ್ಳುಬೇಲಿ ಹಾಕಿಸಿದೆವು. ಬೀರಪ್ಪ ಸತ್ತ ಕುರಿಗಳನ್ನು ಹೂಳಿ ಬಂದು ಕಟ್ಟೆಯ ಮೇಲೆ ಕುಳಿತ. ನಾನು ಒಳಗೆ ಬಂದು ಬಾಗಿಲು ಹಾಕಿಕೊಂಡು ಕನ್ನಡಿ ಹಿಡಿದು ನನ್ನ ಕಣ್ಣು ನೋಡಿಕೊಂಡೆ. ಬಿಳಿಯೇ ಇತ್ತು. ಮತ್ತೆ ನೋಡಿಕೊಂಡೆ. ಆವತ್ತಿನಿಂದ ಅದೊಂದು ಹುಚ್ಚಾಯಿತು.

ಆಗಸ್ಟ್ ಬಂತು, ಅದರ ಜೊತೆ ನಮ್ಮ ಮಳೆಯೂ ಬಂತು. ಒಣಗಿ ಕೂತಿದ್ದ ನೀಲಿ ಪದರವೆಲ್ಲ ಒಂದೇ ಮಳೆಗೆ ಕರಗಿ ಮಾಯವಾಯಿತು. ಜನಕ್ಕೆ ಸಮಾಧಾನ, ಪೀಡೆ ಹೋಯಿತು ಅಂದರು. ನನಗೆ ಗೊತ್ತಿತ್ತು, ಅದು ಎಲ್ಲೂ ಹೋಗಿಲ್ಲ, ಇಳಿದಿದೆ. ಅದೇ ವಾರ ಪಡಸಾಲೆಯ ಪೈಪುಗಳ ನೀರು ಪರೀಕ್ಷಿಸುವಾಗ, ಅಷ್ಟು ತಿಂಗಳು ಸುಮ್ಮನಿದ್ದ ಪೈಪೊಂದರ ಬಾಟಲಿ ಕೇಸರಿಯಾಗಿತ್ತು. ಅದು ಕೈಪಂಪಿನ ನೆತ್ತಿಗೇ ಬರುವ ಮಗ್ಗುಲಿನ ಪುಡಿ. ಸುಣ್ಣ ಇನ್ನೂ ಬಹಳ ಕಾಲ ಬಾಳುತ್ತದೆಂದು ನಾವು ಭರವಸೆ ಇಟ್ಟಿದ್ದು ಆ ಮಗ್ಗುಲಿನ ಮೇಲೇ.

ಕೈಪಂಪಿಗೆ ಓಡಿದೆ. ನೀರು ತಿಳಿಯಾಗಿತ್ತು. ಕಾಗದ ಹಸಿರೇ ಇತ್ತು. ಆದರೂ ಅದನ್ನು ನಂಬಲಾಗಲಿಲ್ಲ. ನೀರು ನೆಲದೊಳಗೆ ಇಳಿದು ಬರುವ ದಾರಿಯ ಸುಣ್ಣದ ಬಂಡೆ ಆಮ್ಲವನ್ನು ನುಂಗಿ, ಲೋಹವನ್ನು ಪೂರ್ತಿ ಹಿಡಿಯದೆ ಬಿಟ್ಟಿದ್ದರೆ ಕಾಗದಕ್ಕೆ ಏನೂ ತಿಳಿಯುವುದಿಲ್ಲ. ಮತ್ತೊಂದು ಬಾಟಲಿ ತುಂಬಿ, ಪೋಸ್ಟಾಫೀಸಿನ ಫೋನಿನಿಂದ ಜಮಖಂಡಿಯಲ್ಲಿದ್ದ ನದಾಫ್ ಸರ್‌ಗೆ ಹೇಳಿದೆ.

“ಪುರಾವೆ ಇಲ್ದ ಊರಿನ ನೀರು ನಿಲ್ಲಸಾಕ ಬರಂಗಿಲ್ಲವಾ,” ಎಂದರು ಸರ್. “ಧಾರವಾಡದಿಂದ ಮೊದಲಿನ ಬಾಟ್ಲಿದ ಉತ್ತರನ ಇನ್ನೂ ಬಂದಿಲ್ಲ. ಮ್ಯಾಲಿನವರು ಕಾಯ್ರಿ ಅಂತಾರ.”

“ಅಲ್ಲೀತನ ಇವರು ಇದನ್ನ ಕುಡೀಲೇನ್ರಿ ಸರ್? ಯಲ್ಲವ್ವ ಕೂಸಿಗೆ ಮೊಲಿ ಕುಡಸಾಕತ್ತಾಳ್ರಿ.”

“ನೀ ಏನು ಮಾಡಬೇಕಂತೀ ಅದನ್ನ ಮಾಡು. ನಾ ಟ್ಯಾಂಕರಿನ ವ್ಯವಸ್ಥಾ ನೋಡತೀನಿ. ಕೇಳಿದ್ರ ನಾನ ಹೇಳೀನಿ ಅನ್ನು,” ಎಂದು ಇಟ್ಟರು.

ಮರುದಿನ ಹೊತ್ತು ಹುಟ್ಟುವ ಮೊದಲೇ ಕೈಪಂಪಿನ ಮುಂದೆ ಹೋಗಿ ನಿಂತೆ. ಹೆಂಗಸರು ಕೊಡ ಹಿಡಿದು ಬಂದರು.

“ಸರೀರಿ ಅಕ್ಕಾರ, ಹೊಲಕ್ಕ ಹೋಗೂ ಹೊತ್ತಾತು.”

“ಇವತ್ತಿಂದ ಈ ನೀರು ಕುಡೀಬ್ಯಾಡ್ರಿ,” ಎಂದೆ. “ಗುಡ್ಡದ ವಿಷ ಇದಕ್ಕ ಇಳದೈತಿ ಅಂತ ನನಗ ಅಂಜಿಕಿ ಆಗೈತಿ.”

ಮಾತು ಬಾಯಿಂದ ಬಾಯಿಗೆ ಹೋಗಿ ಗಂಡಸರೂ ಬಂದರು. ಬೀರಪ್ಪ ಮುಂದೆ ಬಂದ. ಕುರಿ ಸತ್ತಾಗಿನಿಂದ ಅವನ ಕಣ್ಣುಗಳು ಕೆಂಪಗೇ ಇರುತ್ತಿದ್ದವು.

“ಇಳದೈತಿ ಅಂತೀರೋ, ಅಂಜಿಕಿ ಆಗೈತಿ ಅಂತೀರೋ? ನಿಮ್ಮ ಕಾಗದ ಏನಂತೈತಿ?”

“ಕಾಗದ ಇನ್ನ ಏನೂ ಹೇಳಿಲ್ಲಪ್ಪಾ.”

“ಮತ್ತ? ಹಳೇ ಊರಾಗ ಹೊಳಿ ನೀರು ಕುಡಕೊಂಡು ಆರಾಮ ಇದ್ದಿವಿ. ಊರು ಬಿಡ್ರಿ ಅಂದ್ರಿ, ಬಿಟ್ವಿ. ಇಲ್ಲಿ ತಂದು ಇಟ್ಟವ್ರೂ ನೀವ. ಈಗ ನೀರೂ ಬಿಡ್ರಿ ಅಂತೀರಿ. ನಾಳೆ ಉಸರಾಡೂದು ಬಿಡ್ರಿ ಅಂತೀರೇನ್ರಿ?”

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಯಾರೋ ನನ್ನನ್ನು ಪಕ್ಕಕ್ಕೆ ಸರಿಸಿ ಪಂಪಿನ ಹಿಡಿಗೆ ಕೈ ಹಾಕಿದರು. ನಾನು ಆ ಹಿಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ.

ಆಗ ಲಗಮವ್ವ ಹತ್ತಿರ ಬಂದಳು. ಎಲ್ಲರೂ ದಾರಿ ಬಿಟ್ಟರು.

“ನೀನೂ ಇದ ನೀರು ಕುಡದೀ ಹೌದಿಲ್ಲ?”

“ಹೌದ ಆಯಿ. ಬಂದಾಗಿಂದ ಇದನ್ನ ಕುಡಿಯಾಕತ್ತೇನಿ.”

“ಮತ್ತ ಇಷ್ಟ ದಿನ ಇಲ್ದ ಅಂಜಿಕಿ ಇವತ್ಯಾಕ? ನಿನ ಮಾರಿ ನೋಡಿದ್ರ ಹೆಣ ಕಂಡಾಕಿಯಂಗ ಮಾಡಾಕತ್ತೀ. ಖರೆ ಹೇಳು.”

ಅಷ್ಟು ಜನರ ಎದುರು ಅದು ನನ್ನ ಬಾಯಿಂದ ಬಿದ್ದುಹೋಯಿತು. “ನಾ ಬಸರಿ ಇದ್ದೀನಿ ಆಯಿ. ಯಾರಿಗೂ ಹೇಳಿಲ್ಲ. ನನ ಗಂಡಗೂ ಹೇಳಿಲ್ಲ. ಒಳಗ ಏನಾಗೈತೋ ಅಂತ ಅಂಜಿ ಸಾಯಾಕತ್ತೇನಿ. ಯಲ್ಲವ್ವನ ಕೂಸಿಗೂ ಅದ ನೀರು ಹೊಂಟೈತಿ.”

ಯಲ್ಲವ್ವ ಕಂಕುಳ ಕೂಸನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಆಯಿ ನನ್ನನ್ನು ಕ್ಷಣ ಹೊತ್ತು ನೋಡಿ, ತಿರುಗಿ ಮನೆಯ ಕಡೆ ನಡೆದಳು. ಅವಳೂ ನಂಬಲಿಲ್ಲ ಎಂದುಕೊಂಡು ಪಂಪಿನ ಹಿಡಿ ಬಿಟ್ಟೆ. ಆದರೆ ಅವಳು ಹಿಂದಿರುಗಿದಾಗ ಕೈಯಲ್ಲಿ ಕರಿ ಕಂಬಳಿ ಇತ್ತು, ಅವರ ಕುಲದೇವರಾದ ಬೀರೇಶ್ವರನ ಹಬ್ಬದಲ್ಲಿ ಮಾತ್ರ ಗಂಟು ಬಿಚ್ಚಿ ತೆಗೆಯುತ್ತಿದ್ದ ಅತ್ತೆ ಮಾವಂದಿರ ಕಾಲದ ಕಂಬಳಿ. ಅದನ್ನು ಪಂಪಿನ ಹಿಡಿಗೆ ಸುತ್ತಿ, ನೀರು ಬೀಳುವ ಬಾಯಿಗೂ ಸುತ್ತಿ, ಉಣ್ಣೆಯ ಹಗ್ಗದಿಂದ ಬಿಗಿದು ಗಂಟು ಹಾಕಿದಳು.

“ಬೀರದೇವರ ಕಂಬಳಿ ಐತಿ. ಯಾರ ಬಿಚ್ಚತೀರಿ, ಬಿಚ್ಚರಿ,” ಎಂದು ಮಗನ ಮುಖವನ್ನೇ ನೋಡಿದಳು.

ಬೀರಪ್ಪ ತಲೆ ತಗ್ಗಿಸಿದ. ಖಾಲಿ ಕೊಡ ಎತ್ತಿಕೊಂಡು ಹಿನ್ನೀರಿನ ದೂರದ ದಂಡೆಯ ಕಡೆ ಹೊರಟವರಲ್ಲಿ ಅವನೇ ಮೊದಲಿಗ.

ಆ ವಾರದ ಕೊನೆಗೆ ಬನಹಟ್ಟಿಗೆ ಹೋದೆ. ಈರಣ್ಣ ಮಗ್ಗ ನಡೆಸುತ್ತಿದ್ದ. ಆ ಸದ್ದಿನಲ್ಲಿ ಮೊದಲ ಸಲ ಹೇಳಿದ್ದು ಅವನಿಗೆ ಕೇಳಲಿಲ್ಲ, ಎರಡನೆಯ ಸಲ ಕೂಗಿ ಹೇಳಿದೆ. ಅವನು ಮಗ್ಗ ನಿಲ್ಲಿಸಿದ. ಮುಖದಲ್ಲಿ ಮೂಡಿದ ನಗು, ನೀರಿನ ವಿಷಯ ಹೇಳುತ್ತಿದ್ದಂತೆ ಆರಿಹೋಯಿತು.

“ನಾಳಿಂದ ಹೋಗಬ್ಯಾಡ. ಸಾಕು,” ಎಂದ.

“ನಾ ಕುಡದದ್ದು ಕುಡದಾತು. ಮನ್ಯಾಗ ಕುಂತ್ರ ಅದು ಹೊರಗ ಬರತೈತೇನು? ಪೈಪು ನೋಡವ್ರು ಬ್ಯಾರೆ ಯಾರೂ ಇಲ್ಲ. ನೀರು ಇಲ್ಲಿಂದ ಒಯ್ಯತೀನಿ.”

ಅವನು ವಾದ ಮಾಡಲಿಲ್ಲ. ಅಂದಿನಿಂದ ಪ್ರತಿ ಸೋಮವಾರ ಪ್ಲಾಸ್ಟಿಕ್ ಕ್ಯಾನು ತುಂಬಿ, ಬಸ್ಸಿನವರೆಗೆ ತಾನೇ ಹೊತ್ತು ತಂದು, ನನ್ನ ಕಾಲ ಬಳಿ ಇಟ್ಟು, ಬಸ್ಸು ಹೊರಡುವ ತನಕ ಕಿಟಕಿಯ ಕೆಳಗೆ ನಿಲ್ಲುತ್ತಿದ್ದ. ಅತ್ತೆ ಮಾತ್ರ ಆ ಊರಿನ ಹೆಸರು ಎತ್ತಿದರೆ ದೇವರ ಕೋಣೆಗೆ ಹೋಗಿಬಿಡುತ್ತಿದ್ದರು.

ನದಾಫ್ ಸರ್ ಹೇಗೋ ಟ್ಯಾಂಕರ್ ತರಿಸಿದರು. ಅದಕ್ಕಾಗಿ ಮೇಲಿನವರಿಂದ ಬೈಸಿಕೊಂಡರೆಂದು ನನಗೆ ತಿಳಿದದ್ದು ಆಮೇಲೆ. ದಿನವೂ ಬರುವ ಖಾತ್ರಿ ಇರಲಿಲ್ಲ. ಬಾರದ ದಿನ ಹೆಂಗಸರು ದಂಡೆಗೆ ನಡೆದು ಹೋಗಿ ನೀರು ತಂದು ಕಾಸಿ ಕುಡಿಯುತ್ತಿದ್ದರು. ನನ್ನನ್ನು ಕಂಡು ಕೆಲವರು ಮುಖ ತಿರುಗಿಸುತ್ತಿದ್ದರು. “ಸುಳ್ಳ ಸುದ್ದಿ ಎಬ್ಬಿಸಿ ನಮ್ಮ ಸ್ವಂಟ ಮುರದಳು,” ಎಂದು ಒಬ್ಬಳು ನನಗೆ ಕೇಳುವಂತೆಯೇ ಅಂದಳು. ಅದು ಸುಳ್ಳೇ ಆಗಿರಲಿ ಎಂದು ನಾನೂ ಬೇಡಿಕೊಳ್ಳುತ್ತಿದ್ದೆ. ಹಾಗೆ ಆಗಿದ್ದರೆ ಊರೆಲ್ಲ ಬೈದರೂ ನಾನು ಹಗುರಾಗುತ್ತಿದ್ದೆ.

ಮಹಾನವಮಿ ಕಳೆದ ಮೇಲೆ ಧಾರವಾಡದಿಂದ ಎರಡೂ ಬಾಟಲಿಗಳ ಉತ್ತರ ಒಟ್ಟಿಗೆ ಬಂತು. ಸರ್ ಅದನ್ನು ಹಿಡಿದು ಸ್ವತಃ ಮರಡಿಹಾಳಕ್ಕೆ ಬಂದರು. ಜೂನಿನಲ್ಲಿ ತುಂಬಿದ ನೀರು ಚೊಕ್ಕಟವಾಗಿತ್ತು. ಆಗಸ್ಟಿನದರಲ್ಲಿ ತಾಮ್ರವಿತ್ತು, ಸೀಸವಿತ್ತು, ಎರಡೂ ಕುಡಿಯುವ ನೀರಿನಲ್ಲಿ ಇರಬಾರದಷ್ಟು. ಸರ್ ಅದನ್ನು ಊರಿನವರ ಮುಂದೆ ಓದಿ ಹೇಳಿದರು. ನನ್ನನ್ನು ಬೈದಿದ್ದವಳು ಅಳತೊಡಗಿದಳು. ನನಗೆ ಗೆದ್ದೆ ಅನ್ನಿಸಲಿಲ್ಲ. ಜೂನಿನಿಂದ ಆಗಸ್ಟಿನವರೆಗೆ, ಆ ನಡುವೆ, ನೀರು ಯಾವ ದಿನ ಕೆಟ್ಟಿತು? ಆ ದಿನದಿಂದ ನಾನು ಎಷ್ಟು ಕೊಡ ಕುಡಿದೆ? ತಾಮ್ರದ ಭಯ ಅಷ್ಟಿರಲಿಲ್ಲ. ಸೀಸ ಹೊಟ್ಟೆಯ ಕೂಸಿನ ತನಕ ಹೋಗುತ್ತದೆಂದು ಓದಿದ್ದವಳು ನಾನು.

ಆಮೇಲಿನ ಕೆಲಸ ಬೇಗ ಬೇಗ ಆಯಿತು. ಬರಹದಲ್ಲಿ ಬಂದ ಮೇಲೆ ಮೇಲಿನವರಿಗೂ ಸುಮ್ಮನಿರಲು ಬರಲಿಲ್ಲ. ಲೋಕಾಪುರದ ಕಡೆಯಿಂದ ಸುಣ್ಣದ ಕಲ್ಲು ಲಾರಿಗಳಲ್ಲಿ ಬಂತು. ಗುಡ್ಡದ ಬುಡಕ್ಕೆ ಕಾಲುವೆ ತೋಡಿ ಅದನ್ನು ತುಂಬಿಸಿದರು. ಮುಳುಗಡೆಯಾಗುವ ಹೊಲಗಳ ಎರೆ ಮಣ್ಣು ತಂದು ಗುಡ್ಡದ ಮೈಗೆ ದಪ್ಪಗೆ ಹೊದಿಸಿ, ಗಾಳಿ ನೀರು ಒಳಗೆ ಹೋಗದಂತೆ ರೋಲರ್ ಹೊಡೆದರು. ಗುರುತಿನ ಕಲ್ಲಿನ ಕಡೆ ಕಟ್ಟೆ ಎದ್ದಿತು. ಆ ವರ್ಷ ಹಿನ್ನೀರು ಕಲ್ಲಿನ ಹತ್ತಿರ ಬಂದು, ಮುಟ್ಟದೆ ನಿಂತಿತು. ಅದು ನಮ್ಮ ಪುಣ್ಯ, ನಮ್ಮ ಜಾಣತನ ಅಲ್ಲ. ಕೈಪಂಪನ್ನು ಕಿತ್ತು, ಮೇಲಿನ ಕಡೆಯಿಂದ ಪೈಪಿನಲ್ಲಿ ಬೇರೆ ನೀರು ತಂದರು. ಕೀಳುವ ದಿನ ಆಯಿ ಬಂದು ಗಂಟು ಬಿಚ್ಚಿ, ಕಂಬಳಿ ಕೊಡವಿ, ಹೆಗಲ ಮೇಲೆ ಹಾಕಿಕೊಂಡು ಹೋದಳು.

ಚಳಿಗಾಲದ ಕೊನೆಗೆ ಜಮಖಂಡಿಯ ಆಸ್ಪತ್ರೆಯಲ್ಲಿ ನನಗೆ ಹೆಣ್ಣು ಹುಟ್ಟಿತು. ಕೈ ಬೆರಳು, ಕಾಲು ಬೆರಳು, ಕಿವಿ, ಎಲ್ಲ ಮುಟ್ಟಿ ನೋಡಿದೆ. ಎಲ್ಲ ಸರಿಯಾಗಿತ್ತು. ಒಂದು ದಿನ ಸುಖವಾಗಿದ್ದೆ. ಆಮೇಲೊಂದು ಬೆಳಿಗ್ಗೆ ಮಗು ಕಣ್ಣು ತೆರೆದಾಗ ಬಿಳಿಯೆಲ್ಲ ಹಳದಿಯಾಗಿತ್ತು.

ನಾನು ಚೀರಿದ್ದು ವಾರ್ಡಿಗೆಲ್ಲ ಕೇಳಿತಂತೆ. ನರ್ಸು ಓಡಿ ಬಂದಳು. ಡಾಕ್ಟರು ಬಂದು ನೋಡಿ, “ಹುಟ್ಟಿದ ಕೂಸಿಗೆ ಇದು ಆಗತೈತವಾ. ಎಳೆ ಬಿಸಲಿಗೆ ಹಿಡೀರಿ, ಎದಿ ಹಾಲು ಕುಡಸ್ರಿ, ತಾನಾಗೇ ಹೋಗತೈತಿ,” ಎಂದರು. ನಾನು ನೀರಿನ ಕತೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, ರಕ್ತ ತೆಗೆಸಿ, ಮತ್ತೆ ಅದನ್ನೇ ಹೇಳಿದರು. ನನಗೆ ಅವರ ತುಟಿ ಅಲುಗುವುದು ಕಾಣುತ್ತಿತ್ತು, ಮಾತು ಒಳಗೆ ಇಳಿಯುತ್ತಿರಲಿಲ್ಲ. ಆ ಹಟ್ಟಿ, ಆ ತಗ್ಗಿದ ತಲೆಗಳು, ಆಯಿ ಬೆರಳಿಂದ ಬಿಡಿಸಿದ ಆ ರೆಪ್ಪೆ, ಇವೇ ಕಣ್ಣೆದುರು. ಈರಣ್ಣ ಕಾರಿಡಾರಿನಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದ.

ಮಧ್ಯಾಹ್ನದ ಬಸ್ಸಿಗೆ ಲಗಮವ್ವ ಬಂದಳು. ಮಗು ಹುಟ್ಟಿದ ಸುದ್ದಿ ನದಾಫ್ ಸರ್ ಹೇಳಿ ಕಳಿಸಿದ್ದರು. ನಗುತ್ತ ಒಳಗೆ ಬಂದವಳು ಮಗುವಿನ ಮುಖ ನೋಡಿದ ಕೂಡಲೇ ನಿಂತುಬಿಟ್ಟಳು. ಅವಳ ಕಣ್ಣಲ್ಲೂ ನನ್ನದೇ ಭಯ ಮೂಡಿದ್ದನ್ನು ನೋಡಿದೆ. ಮಂಚದ ಅಂಚಿಗೆ ಕುಳಿತು ನನ್ನ ಕೈ ಹಿಡಿದಳು.

“ನೀ ಓದಿದಾಕಿ. ನನಗ ಖರೆ ಹೇಳು. ನಮ್ಮ ನೀರಿಂದ ಏನು ಇದು? ಯಲ್ಲವ್ವನ ಕೂಸಿಗೂ ಮುಂದ ಏನರ ಆಗತೈತೇನು?”

ಸುಳ್ಳು ಹೇಳುವುದು ಸುಲಭವಿತ್ತು. ಆದರೆ ಆ ಪಂಪಿನ ಮುಂದೆ ನನ್ನ ಒಂದು ಮಾತಿಗೆ ದೇವರ ಕಂಬಳಿ ತಂದು ಕಟ್ಟಿದವಳು ಅವಳು.

“ಜೂನಿನ್ಯಾಗ ನೀರು ಛಲೋ ಇತ್ತು ಆಯಿ. ಆಗಸ್ಟಿನ್ಯಾಗ ಕೆಟ್ಟಿತ್ತು. ನಡುವ ಏನಿತ್ತು ಅನ್ನೂದು ನನಗೂ ಗೊತ್ತಿಲ್ಲ. ನಿಲ್ಲಿಸಿದ ಮ್ಯಾಲ ಯಾರೂ ಕುಡದಿಲ್ಲ, ಅದೊಂದು ಗೊತ್ತೈತಿ. ಈ ಹಳದಿ ಎಷ್ಟೋ ಕೂಸಿಗೆ ಬರತೈತಿ, ಹೋಗತೈತಿ ಅಂತ ಡಾಕ್ಟರು ಹೇಳ್ಯಾರ. ಯಲ್ಲವ್ವನ ಕೂಸಿನ ರಕ್ತ ನಾನ ಮುಂದ ನಿಂತು ಪರೀಕ್ಷೆ ಮಾಡಸ್ತೀನಿ.” ಇಷ್ಟು ಹೇಳುವಾಗ, ಬೆಳಗಿನಿಂದ ಒಳಗಿಳಿಯದಿದ್ದ ಡಾಕ್ಟರ ಮಾತು ನನ್ನದೇ ಬಾಯಿಂದ ನನಗೆ ಮೊದಲ ಸಲ ಕೇಳಿಸಿತು.

ಆಯಿ ನಿಟ್ಟುಸಿರು ಬಿಟ್ಟಳು. “ನಮ್ಮೂರಿಗೆ ಬಂದ ಸಾಹೇಬರು ಎಲ್ಲಾರೂ ಎಲ್ಲಾ ಗೊತ್ತೈತಿ ಅಂತಿದ್ರು. ಗೊತ್ತಿಲ್ಲ ಅಂದಾಕಿ ನೀ ಒಬ್ಬಾಕಿ,” ಎಂದು ಮಗುವನ್ನು ಎತ್ತಿಕೊಂಡು ಕಿಟಕಿಯ ಬಿಸಿಲಿಗೆ ಹೋಗಿ ನಿಂತಳು. ಆಸ್ಪತ್ರೆಯಲ್ಲಿ ನಾನಿದ್ದಷ್ಟು ದಿನವೂ ಆ ಬಿಸಿಲಿನಲ್ಲಿ ಸರತಿಯ ಮೇಲೆ ನಿಂತವರು ಅವಳು, ಅತ್ತೆ, ಈರಣ್ಣ. ವಾರ ಕಳೆಯುವಷ್ಟರಲ್ಲಿ ಮಗುವಿನ ಕಣ್ಣು ಬಿಳಿಯಾಯಿತು. ಯಲ್ಲವ್ವನ ಕೂಸಿನ ರಕ್ತದ ಉತ್ತರವೂ ಒಳ್ಳೆಯದೇ ಬಂತು. ಆದರೆ ಅದೆಲ್ಲ ಆಮೇಲಿನ ಮಾತು. ಆ ಮಧ್ಯಾಹ್ನ ನಮಗಿಬ್ಬರಿಗೂ ಏನೂ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಆಯಿ ಮಗುವನ್ನು ನನ್ನ ಮಗ್ಗುಲಿಗೆ ಮಲಗಿಸಿ, ಬಾಯಾರಿಕೆ ಅಂದಳು. ಹೂಜಿಯಿಂದ ಗಾಜಿನ ಲೋಟಕ್ಕೆ ನೀರು ಬಗ್ಗಿಸಿಕೊಟ್ಟೆ. ಅವಳು ಅದನ್ನು ಬಾಯಿಗೆ ಒಯ್ಯದೆ, ಮೊದಲು ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಆಗ ಕುಡಿದಳು.